ಸಹಾಯ ಬೇಕು: ಗಲ್ಫ್‌ನಿಂದ ವಾಪಸ್ ಬರುವ ಅಣ್ಣನಿಗೆ ತಿಂಗಳ ಆದಾಯ ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿ ಕುಂಜಿಬೆಟ್ಟಿನವರು. ಅಣ್ಣ ಗಲ್ಫ್ ಕೆಲಸ ಬಿಟ್ಟು ಊರಿಗೆ ಬರುತ್ತಿದ್ದಾನೆ, ವಯಸ್ಸು 48. ಸ್ವಂತ ಮನೆ ಇದೆ, ಸಾಲ ಇಲ್ಲ, ಕೈಯಲ್ಲಿ ಸುಮಾರು 60 ಲಕ್ಷ ಇದೆ. ತಿಂಗಳ ಖರ್ಚು 30 ಸಾವಿರ, ಮಗಳ ಕಾಲೇಜು ಫೀಸ್ ಬೇರೆ. ಇನ್ನು ಯಾರ ಕೈಕೆಳಗೂ ದುಡಿಯುವುದು ಬೇಡ ಅನ್ನುವುದು ಅವನ ಆಸೆ, ಅಷ್ಟು ವರ್ಷ ಮನೆ ಬಿಟ್ಟು ದುಡಿದವನಿಗೆ ಅದು ಸಿಗಲೇಬೇಕು ಅಂತ ನನಗೂ ಇದೆ.

ಮಣಿಪಾಲದಲ್ಲಿ ಫ್ಲ್ಯಾಟ್ ತೆಗೆದು ಸ್ಟೂಡೆಂಟ್ಸ್‌ಗೆ ಬಾಡಿಗೆ ಕೊಡೋಣ ಅನ್ನುತ್ತಾನೆ. ನನಗೆ ಧೈರ್ಯ ಸಾಲುತ್ತಿಲ್ಲ. ದುಡ್ಡೆಲ್ಲ ಒಂದೇ ಕಡೆ ಸಿಕ್ಕಿಬೀಳುತ್ತದೆ, ಖಾಲಿ ಬಿದ್ದರೂ ಮೇಂಟೆನೆನ್ಸ್ ನಾವೇ ಕಟ್ಟಬೇಕು, ಮಳೆಗಾಲದ ಸೋರಿಕೆ ರಿಪೇರಿ ಬೇರೆ, ಅಲ್ವಾ? ಪೋಸ್ಟ್ ಆಫೀಸಿನ ಮಂತ್ಲಿ ಇನ್‌ಕಮ್ ಸ್ಕೀಮ್‌ನಲ್ಲಿ ಜಂಟಿ ಖಾತೆಗೆ 15 ಲಕ್ಷದವರೆಗೆ ಹಾಕಬಹುದು, 7.4 ಪರ್ಸೆಂಟ್ ಲೆಕ್ಕದಲ್ಲಿ ತಿಂಗಳಿಗೆ 9,250 ರೂಪಾಯಿ. ಆದರೆ ಎನ್‌ಆರ್‌ಐ ಆಗಿರುವಾಗ ತೆರೆಯಲು ಆಗುವುದಿಲ್ಲ, ಊರಿಗೆ ಬಂದ ಮೇಲೆಯೇ. ಉಳಿದದ್ದನ್ನು ಮ್ಯೂಚುವಲ್ ಫಂಡ್‌ಗೆ ಹಾಕಿ ಪ್ರತಿ ತಿಂಗಳು ಸ್ವಲ್ಪ ತೆಗೆಯುವ ಎಸ್‌ಡಬ್ಲ್ಯೂಪಿ ಸರಿಯಾ?

ವರ್ಷದ ಖರ್ಚಿನ 25 ಪಟ್ಟು ದುಡ್ಡು ಇದ್ದರೆ ದುಡಿಯದೆ ಬದುಕಲು ಸಾಕು ಅನ್ನುತ್ತಾರೆ. ಅದು ಅಮೆರಿಕದ ಮಾರುಕಟ್ಟೆ ನೋಡಿ, ದುಡ್ಡು 30 ವರ್ಷ ಬರಬೇಕು ಅಂತ ಮಾಡಿದ ಲೆಕ್ಕ. ಹಾಗೆ ನೋಡಿದರೂ ನಮಗೆ 90 ಲಕ್ಷ ಬೇಕು. ಇಲ್ಲಿನ ಬೆಲೆ ಏರಿಕೆಗೆ ನೀವು ಎಷ್ಟು ಪಟ್ಟು ಇಟ್ಟುಕೊಂಡಿದ್ದೀರಿ?

ಮಣಿಪಾಲದಲ್ಲೋ ಮಂಗಳೂರಲ್ಲೋ ಬಾಡಿಗೆಗೆ ಕೊಟ್ಟವರು, ಎಲ್ಲ ಖರ್ಚು ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅಂತ ದಯವಿಟ್ಟು ಹೇಳಿ. ಅಣ್ಣ ಅಡ್ವಾನ್ಸ್ ಕೊಡುವ ಮೊದಲು ಗೊತ್ತಾಗಬೇಕು. ಪಾಲಿಸಿ ಮಾರುವವರು ಮೆಸೇಜ್ ಮಾಡಬೇಡಿ.