ಮಲಗಿದ್ದ ಗಾಡಿಯನ್ನು ‘ಎಬ್ಬಿಸುವುದು’: ಫಲಕಕ್ಕೆ ಒಂದು ಕ್ರಿಯಾಪದ ಬೇಕಾಗಿದೆ

ಮೂಡಿಗೆರೆಯಿಂದ:

ಮಾನ್ಯರೇ,

ನಮ್ಮ ತೋಟದ ಶೆಡ್ಡಿನಲ್ಲಿ 27 ವರ್ಷ ಕದಲದೆ ನಿಂತಿದ್ದ ಹಳೆಯ ಡಾಡ್ಜ್ ಮಿಲಿಟರಿ ಲಾರಿ ಕಳೆದ ತಿಂಗಳು ಮತ್ತೆ ಓಡಿತು. ಅದರ ಪಕ್ಕದಲ್ಲಿ ನಿಲ್ಲಿಸಲು ಕನ್ನಡದಲ್ಲಿ ಒಂದು ಫಲಕ ಬರೆಸುತ್ತಿದ್ದೇನೆ. ಬೋರ್ಡು ಬರೆಯುವವರು ಸೋಮವಾರ ಬೆಳಿಗ್ಗೆ ಬರುತ್ತಾರೆ. ಒಂದು ಕ್ರಿಯಾಪದ ಗಟ್ಟಿಯಾಗದೆ ಅವರನ್ನು ಈಗಾಗಲೇ ಎರಡು ಸಲ ವಾಪಸು ಕಳಿಸಿದ್ದೇನೆ.

ಗಾಡಿಯ ವಿವರ ಇಷ್ಟು. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ 1942ರಿಂದ 1945ರವರೆಗೆ ತಯಾರಾದ, ಮುಕ್ಕಾಲು ಟನ್ನಿನ ಡಬ್ಲ್ಯೂಸಿ-51 ಮಾದರಿ ಇದು. ಆರು ಸಿಲಿಂಡರಿನ, 230 ಘನ ಅಂಗುಲದ ಪೆಟ್ರೋಲ್ ಎಂಜಿನ್ನು. ನಾಲ್ಕು ಚಕ್ರಗಳಿಗೂ ಎಳೆತವಿದೆ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾಗಿ ಮಾರಾಟಕ್ಕೆ ಬಂದ ಇಂಥ ಗಾಡಿಗಳಿಗೆ ನಮ್ಮ ಕಡೆ ‘ಡಿಸ್ಪೋಸಲ್ ಗಾಡಿ’ ಎಂದೇ ಹೆಸರು. ನಮ್ಮ ತಾತ ಕೊಂಡಿದ್ದೂ ಹಾಗೆಯೇ. ಮಳೆಗಾಲದಲ್ಲಿ ಎತ್ತಿನ ಗಾಡಿಯೂ ಹೋಗದ ಕೆಸರಿನಲ್ಲಿ ಇದು ಗೊಬ್ಬರದ ಮೂಟೆ ಹೊತ್ತು ಏರು ಹತ್ತುತ್ತಿತ್ತು.

ಪದ ಯಾಕೆ ಸಿಗುತ್ತಿಲ್ಲ ಎಂದರೆ, ನಾವು ಗಾಡಿಯನ್ನು ಹೊಸದು ಮಾಡಿಲ್ಲ. ಬಣ್ಣ ಬಳಿದಿಲ್ಲ, ತಗ್ಗುಗಳನ್ನು ತೆಗೆದಿಲ್ಲ. ಟ್ಯಾಂಕು ಇಳಿಸಿ ಬಗ್ಗಿಸಿದಾಗ ಹಳೆಯ ಪೆಟ್ರೋಲು ಕಾಕಂಬಿಯಂತೆ ಅಂಟಾಗಿ ಇಳಿಯಿತು; ಅದನ್ನು ತೊಳೆದೆವು. ಬ್ರೇಕಿನ ವೀಲ್ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬಿಚ್ಚಿ, ರಬ್ಬರು ಬದಲಿಸಿದೆವು. ಎಂಜಿನ್ನೂ ಕಚ್ಚಿಕೊಂಡು ನಿಂತಿತ್ತು. ಮೆಕ್ಯಾನಿಕ್ ಆರೂ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ತೂತಿಗೂ ಆಯಿಲು ಬಿಟ್ಟು, ಒಂಬತ್ತು ದಿನ ಹಾಗೆಯೇ ಬಿಟ್ಟರು. ಹತ್ತನೆಯ ದಿನ ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲನ್ನು ಮುಂದಿನಿಂದ ಹಾಕಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಒತ್ತಿದಾಗ, ಒಳಗೆಲ್ಲೋ ‘ಟಕ್’ ಎಂದು ಸದ್ದಾಗಿ ಹ್ಯಾಂಡಲು ನಾಲ್ಕು ಬೆರಳಿನಷ್ಟು ಕೆಳಗಿಳಿಯಿತು. ಇದು ಸೈಡ್ ವಾಲ್ವಿನ ಎಂಜಿನ್ನಾದ್ದರಿಂದ ಪಕ್ಕದ ಮುಚ್ಚಳ ತೆಗೆದರೆ ವಾಲ್ವಿನ ಕಾಲುಗಳು ಕಣ್ಣಿಗೇ ಕಾಣುತ್ತವೆ. ಎರಡು ವಾಲ್ವು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದವು. ಅವನ್ನೂ ಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ ಬಿಡಿಸಿದರು. ನಾನು ಬ್ಯಾಟರಿ ಜೋಡಿಸಲು ಹೊರಟಾಗ ಅವರು ತಡೆದು ಹೇಳಿದ ಮಾತು ಇದು: “ಸುಮ್ನೆ ಸೆಲ್ಫ್ ಹೊಡುದ್ರೆ ಪಿಸ್ಟನ್ ರಿಂಗ್ ಮುರ್ದೋಗುತ್ತೆ ಸಾರ್. ಮೊದ್ಲು ಕೈಯಲ್ಲಿ ಎಬ್ಬಿಸ್ಬೇಕು.”

ಅವರ ಬಾಯಲ್ಲಿ ಇಡೀ ಕೆಲಸಕ್ಕೆ ಇರುವ ಹೆಸರೇ ‘ಗಾಡಿ ಎಬ್ಬಿಸೋದು’. ಫಲಕದ ಮೇಲೆ ಇದು ನಿಲ್ಲುತ್ತದೆಯೇ, ಅಥವಾ ಬೇರೆ ಒಳ್ಳೆಯ ಪದವಿದೆಯೇ ಎಂದು ತಾವು ತಿಳಿಸಿದರೆ ಉಪಕಾರವಾಗುತ್ತದೆ.

ಹಾಸನದಿಂದ:

ಇದಕ್ಕೆ ಇಷ್ಟು ಚರ್ಚೆ ಬೇಕಿಲ್ಲ. ‘ಜೀರ್ಣೋದ್ಧಾರ’ ಎಂಬ ಪದ ಇರುವುದೇ ಇದಕ್ಕಾಗಿ. ಬೇಲೂರಿನ ಸುಟ್ಟುಹೋದ ಗೋಪುರವನ್ನು 1397ರಲ್ಲಿ ಎರಡನೆಯ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದನಲ್ಲ, ಅಂಥ ಕೆಲಸಕ್ಕೆ ನಾವು ಬೇರೆ ಪದ ಹುಡುಕುತ್ತೇವೆಯೇ? ದೇವಸ್ಥಾನದ ಪದ ಲಾರಿಗೆ ಹೆಚ್ಚಾಯಿತೆಂದು ಅನ್ನಿಸಿದರೆ ‘ಪುನರುಜ್ಜೀವನ’ ಎನ್ನಿ, ಅಥವಾ ಕೆರೆಗಳಿಗೆ ಹೇಳುವಂತೆ ‘ಪುನಶ್ಚೇತನ’ ಎನ್ನಿ. ಮೂರೂ ಶುದ್ಧವಾಗಿವೆ, ಮೂರೂ ಓದುಗರಿಗೆ ಗೊತ್ತಿವೆ.

‘ಎಬ್ಬಿಸು’ ಬೇಡವೇ ಬೇಡ. ಮಗುವನ್ನು ಎಬ್ಬಿಸುತ್ತೇವೆ, ಧೂಳೆಬ್ಬಿಸುತ್ತೇವೆ, ಗಲಭೆ ಎಬ್ಬಿಸುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ, ಜಮೀನಿನಿಂದ ಜನರನ್ನು ಹೊರಹಾಕುವುದಕ್ಕೆ ‘ಒಕ್ಕಲೆಬ್ಬಿಸು’ ಎನ್ನುತ್ತೇವೆ. ಕಾಫಿ ತೋಟದ ಬಾಗಿಲಲ್ಲಿ ಆ ಪದದ ನೆರಳು ಬೀಳುವುದು ನಿಮಗೇ ಒಳ್ಳೆಯದಲ್ಲ.

ಚಿಕ್ಕಮಗಳೂರಿನಿಂದ:

ಮೂಡಿಗೆರೆಯವರು ಅಚ್ಚಗನ್ನಡ ಪದವನ್ನು ಕೈಯಲ್ಲಿ ಹಿಡಿದುಕೊಂಡೇ ಪದ ಕೇಳುತ್ತಿದ್ದಾರೆ, ಹಾಸನದವರು ಅದನ್ನು ಕಿತ್ತು ಎಸೆಯಿರಿ ಎನ್ನುತ್ತಿದ್ದಾರೆ.

ಈಗಿನ ‘ಏಳು’ ಹಳಗನ್ನಡದಲ್ಲಿ ‘ಏೞ್’. ಇಲ್ಲಿರುವ ಅಕ್ಷರ ಕುಳ ಎಂಬ ಸಾಮಾನ್ಯ ‘ಳ’ ಅಲ್ಲ, ಹಳಗನ್ನಡದ ವೈಯಾಕರಣ ಕೇಶಿರಾಜನು ಬೇರೆಯಾಗಿ ಗುರುತಿಸುವ ಱೞ, ಅಂದರೆ ‘ೞ’. ‘ಎೞ್ಪತ್ತು’ ಹೇಗೆ ‘ಎಪ್ಪತ್ತು’ ಆಯಿತೋ ಹಾಗೆಯೇ ‘ಎೞ್ಬಿಸು’ ‘ಎಬ್ಬಿಸು’ ಆಯಿತು. ತಮಿಳಿನ ‘ಎೞುಪ್ಪು’ ಇದರ ಒಡಹುಟ್ಟು. ನಮ್ಮ ‘ಎಚ್ಚರ’ವೂ ಇದೇ ಬಳ್ಳಿಯದು, ‘ಎೞ್ಚಱು’ ಎಂಬ ಹಳೆಯ ರೂಪವನ್ನು ನೋಡಿದರೆ ಅದು ತಿಳಿಯುತ್ತದೆ. ಮಲಗಿದ್ದದ್ದು ಎಚ್ಚರವಾಗುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪದ ಯಾವ ಭಾಷೆಯಿಂದ ಬರಬೇಕು? ಯಾರಾದರೂ ‘ಮರುಜೀವ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ ಅರಿಸಮಾಸ, ಚರ್ಚೆಗೆ ಯೋಗ್ಯವಲ್ಲ.

ಜೊತೆಗೆ ಫಲಕದಲ್ಲಿ ‘ಲಾರಿ’, ‘ಶೆಡ್ಡು’ ಎಂದು ಬರೆಯಬೇಡಿ. ‘ಬಂಡಿ’ ಇದೆ. ಶೆಡ್ಡಿಗೆ ‘ಗಡಂಗು’ ಇದೆ. ಇಂಗ್ಲಿಷಿನವರು ‘ಗೊಡೌನ್’ ಎನ್ನುವ ಪದದ ಬೇರು ದ್ರಾವಿಡ ಭಾಷೆಗಳ ಈ ಪದದಲ್ಲೇ ಇದೆ ಎಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ಪದವನ್ನು ನಾವು ವಾಪಸು ಪಡೆಯಬೇಕು.

ಹಾಸನದಿಂದ, ಮತ್ತೆ:

ಗಡಂಗು ಎಂದರೆ ನಮ್ಮ ಜಿಲ್ಲೆಯಲ್ಲಿ ಸಾರಾಯಿ ಅಂಗಡಿ, ನಿಮ್ಮ ಜಿಲ್ಲೆಯಲ್ಲೂ ಅದೇ. ‘ಈ ಬಂಡಿ 27 ವರ್ಷ ಗಡಂಗಿನಲ್ಲಿತ್ತು’ ಎಂದು ಫಲಕ ಬರೆಸಿದರೆ ಓದಿದವರು ಏನು ತಿಳಿಯಬೇಕು? ಪದದ ಬೇರು ಎಲ್ಲಿದೆ ಎಂಬುದು ನಿಘಂಟಿನ ಪ್ರಶ್ನೆ; ಪದ ಈಗ ಏನು ಹೇಳುತ್ತದೆ ಎಂಬುದು ಫಲಕದ ಪ್ರಶ್ನೆ. ‘ದುರಸ್ತಿ’ ಪಾರಸಿಯಿಂದ ಬಂತು, ‘ಮರಾಮತ್ತು’ ಅರಬ್ಬಿಯಿಂದ ಬಂತು. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಮರಾಮತ್ ಇಲಾಖೆಯೇ ಇತ್ತು. ಅರಿಸಮಾಸಕ್ಕೂ ಕೇಶಿರಾಜನೇ ಬಿರುದಾವಳಿಗಳಲ್ಲಿ, ಪೂರ್ವಕವಿಪ್ರಯೋಗಗಳಲ್ಲಿ ವಿನಾಯಿತಿ ಕೊಟ್ಟಿದ್ದಾನೆ. ಅಷ್ಟು ಹೇಳಿ ನಾನು ನಿಲ್ಲಿಸುತ್ತೇನೆ.

ಮೂಡಿಗೆರೆಯಿಂದ:

ಇಬ್ಬರಿಗೂ ವಂದನೆಗಳು. ನಾನು ‘ಎಬ್ಬಿಸು’ ಪದವನ್ನೇ ಉಳಿಸಿಕೊಳ್ಳುತ್ತಿದ್ದೇನೆ. ಆದರೆ ನನ್ನ ಕಾರಣ ಱೞ ಅಲ್ಲ.

ಜೀರ್ಣೋದ್ಧಾರವಾದ ಗುಡಿಗೆ ಮುರಿದ ಕಲ್ಲಿನ ಜಾಗದಲ್ಲಿ ಹೊಸ ಕಲ್ಲು ಬರುತ್ತದೆ, ಸುಣ್ಣ ಬಣ್ಣವಾಗುತ್ತದೆ, ಕೊನೆಗೆ ಕುಂಭಾಭಿಷೇಕವಾಗುತ್ತದೆ. ಜೀರ್ಣವಾದದ್ದು ಕಣ್ಣಿಗೆ ಕಾಣದಂತಾಗುವುದೇ ಆ ಪದದ ಭರವಸೆ. ನಮ್ಮ ಗಾಡಿಯ ಎಡಗಡೆಯ ಮಡ್‌ಗಾರ್ಡಿನಲ್ಲಿ, ತಾತನ ಕಾಲದಲ್ಲಿ ಹಲಸಿನ ಮರಕ್ಕೆ ಗುದ್ದಿದ ತಗ್ಗು ಇವತ್ತಿಗೂ ಇದೆ. ನಾನು ಬೇಕೆಂದೇ ಉಳಿಸಿದ್ದೇನೆ. ಅದರ ಪಕ್ಕದಲ್ಲಿ ‘ಜೀರ್ಣೋದ್ಧಾರ’ ಎಂದು ಬರೆಸಿದರೆ ಫಲಕ ಒಂದು ಹೇಳುತ್ತದೆ, ಗಾಡಿ ಇನ್ನೊಂದು ಹೇಳುತ್ತದೆ. ‘ಪುನರುಜ್ಜೀವನ’ ಎನ್ನಬೇಕಾದರೆ ಮೊದಲು ಜೀವ ಹೋಗಿರಬೇಕು. ಆ ಹ್ಯಾಂಡಲು ನಾಲ್ಕು ಬೆರಳು ಇಳಿದದ್ದನ್ನು ಎದುರಿಗೆ ನಿಂತು ನೋಡಿದವನು ನಾನು; ಎಂಜಿನ್ನು ಸತ್ತಿರಲಿಲ್ಲ, ಕಚ್ಚಿಕೊಂಡು ನಿಂತಿತ್ತು, ಅಷ್ಟೇ. ಇನ್ನು ‘ಪುನಶ್ಚೇತನ’ ಎಂದರೆ ಕೆರೆಯ ಕಾಮಗಾರಿಯೋ ಶಿಕ್ಷಕರ ತರಬೇತಿಯೋ ನೆನಪಾಗುತ್ತದೆ.

‘ಒಕ್ಕಲೆಬ್ಬಿಸು’ ಎಂಬ ಆಕ್ಷೇಪಣೆ ಗಂಭೀರವಾದದ್ದು. ಅದನ್ನು ಓದಿ ಒಂದು ರಾತ್ರಿ ಯೋಚಿಸಿದೆ. ತೋಟದ ಕೆಲಸದವರು ವಾಸಿಸುವ ಲೈನ್ ಮನೆಗಳಲ್ಲಿ ಆ ಮಾತಿಗೆ ಇರುವ ಭಯ ನನಗೆ ಗೊತ್ತಿದೆ. ಆದರೆ ಆ ಅರ್ಥ ಬಂದಿರುವುದು ‘ಒಕ್ಕಲು’ ಸೇರಿದ್ದರಿಂದ. ಧೂಳು, ಗಲಭೆಗಳಲ್ಲೂ ಕರ್ಮಪದವೇ ಅರ್ಥವನ್ನು ನಿರ್ಧರಿಸುತ್ತದೆ. ಇಲ್ಲಿ ‘ಎಬ್ಬಿಸು’ವಿಗೆ ಜೋಡಿಯಾಗಿ ‘ಮಲಗು’ ಇದ್ದೇ ಇದೆ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಕೆಟ್ಟು ನಿಂತರೆ ನಮ್ಮ ಡ್ರೈವರುಗಳು ‘ಗಾಡಿ ಮಲಗಿಬಿಡ್ತು’ ಎನ್ನುತ್ತಾರೆ. ಮಲಗಿದ್ದನ್ನು ಎಬ್ಬಿಸಬೇಕು. ವಾಕ್ಯದಲ್ಲಿ ಎರಡೂ ಹತ್ತಿರ ಹತ್ತಿರ ಬಂದರೆ ಬೇರೆ ಅರ್ಥಕ್ಕೆ ಜಾಗವಿರುವುದಿಲ್ಲ.

ಲಾರಿ, ಶೆಡ್ಡುಗಳೂ ಉಳಿಯುತ್ತವೆ. ಶೆಡ್ಡು, ಟ್ಯಾಂಕು, ಬ್ರೇಕು ಎಂದು ಉಕಾರ ಹಚ್ಚಿಕೊಂಡು, ‘ಶೆಡ್ಡಿನಲ್ಲಿ’, ‘ಬ್ರೇಕಿಗೆ’ ಎಂದು ನಮ್ಮ ವಿಭಕ್ತಿಗಳನ್ನು ಹೊತ್ತುಕೊಂಡು ಮೂರು ತಲೆಮಾರು ಕೆಲಸ ಮಾಡಿದ ಪದಗಳನ್ನು ಹೊರಗೆ ಕಳಿಸಲು ನನಗೆ ಮನಸ್ಸಿಲ್ಲ.

‘ಎಬ್ಬಿಸಲಾಯಿತು’ ಎಂದು ಬರೆಯುವುದಿಲ್ಲ. ಆ ಕರ್ಮಣಿ ರೂಪದಲ್ಲಿ ಮಾಡಿದವರು ಮರೆಯಾಗುತ್ತಾರೆ, ಮತ್ತು ಒಂಬತ್ತು ದಿನ ಕಾದವರು ಮರೆಯಾಗಬಾರದು. ಫಲಕದಲ್ಲಿ ಮೆಕ್ಯಾನಿಕ್ಕರ ಹೆಸರು ಇರುತ್ತದೆ. ಅವರ ಒಪ್ಪಿಗೆ ಕೇಳದೆ ಇಲ್ಲಿ ಹಾಕುತ್ತಿಲ್ಲ. ಉಳಿದ ಬರಹ ಹೀಗಿದೆ:

“ಯುದ್ಧಕ್ಕೆಂದು ತಯಾರಾಗಿ, ತೋಟದಲ್ಲಿ ದುಡಿದು, ಈ ಶೆಡ್ಡಿನಲ್ಲಿ 27 ವರ್ಷ ಮಲಗಿದ್ದ ಲಾರಿ. ಇದನ್ನು ಎಬ್ಬಿಸಿದವರು:”

ತಪ್ಪು ಕಂಡರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.