ಸಹಾಯ ಬೇಕು: ಉದ್ಯಮ ಜಾಲಗಳ ಪರಿಣಾಮವನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪೂರೈಕೆದಾರರು, ಗ್ರಾಹಕರು ಮತ್ತು ಪಾಲುದಾರ ಸಂಸ್ಥೆಗಳೊಂದಿಗಿನ ನಂಟು ಕಂಪನಿಯೊಂದರ ನಾವೀನ್ಯ ಹಾಗೂ ಲಾಭದ ಮೇಲೆ ಬೀರುವ ಪರಿಣಾಮವನ್ನು ಕುರಿತು ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದೇನೆ. ಪರಸ್ಪರ ಸಂಪರ್ಕವಿಲ್ಲದ ಗುಂಪುಗಳ ನಡುವೆ ನಿಂತವರಿಗೆ ಹೊಸ ಮಾಹಿತಿ ಮೊದಲು ಸಿಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ 1992ರಲ್ಲಿ ವಾದಿಸಿದರೆ, ರಾಸಾಯನಿಕ ಉದ್ಯಮದ ಪೇಟೆಂಟ್‌ಗಳನ್ನು ಪರಿಶೀಲಿಸಿದ ನಿರ್ವಹಣಾಶಾಸ್ತ್ರದ ಸಂಶೋಧಕ ಗೌತಮ್ ಅಹುಜಾ, ಪಾಲುದಾರರ ನಡುವೆ ಹೀಗೆ ಸಂಪರ್ಕವಿಲ್ಲದ ಅಂತರಗಳು ಹೆಚ್ಚಿದಷ್ಟೂ ನಾವೀನ್ಯ ಕುಗ್ಗುತ್ತದೆಂದು 2000ದಲ್ಲಿ ತೋರಿಸಿದರು. ಇಬ್ಬರೂ ಸರಿಯಿರಬಹುದು, ಜಂಟಿ ಸಂಶೋಧನೆಗೆ ಬೇಕಾದ ನಂಬಿಕೆಯೇ ಬೇರೆ, ಸುದ್ದಿ ಹಿಡಿಯುವ ಚುರುಕೇ ಬೇರೆ. ನನ್ನ ತೊಡಕೆಂದರೆ, ಚೆನ್ನಾಗಿ ನಡೆಯುವ ಕಂಪನಿಯನ್ನು ಪಾಲುದಾರರೇ ಹುಡುಕಿಕೊಂಡು ಬರುವುದರಿಂದ ಕಾರಣ ಯಾವುದು, ಫಲ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗಿದೆ. ಹಿಂದಿನ ವರ್ಷಗಳ ನಂಟನ್ನು ಮುಂದಿನ ವರ್ಷಗಳ ಪೇಟೆಂಟ್‌ಗಳೊಂದಿಗೆ ಹೋಲಿಸಿದರೆ ಸಾಕೇ? ಪೇಟೆಂಟ್ ಪಡೆಯುವ ಗೋಜಿಗೇ ಹೋಗದ ಸಣ್ಣ ಕಂಪನಿಗಳ ನಾವೀನ್ಯವನ್ನು ಯಾವ ಅಳತೆಗೋಲಿನಿಂದ ನೋಡಬೇಕು? ಇಂಥ ದತ್ತಾಂಶದೊಂದಿಗೆ ಕೆಲಸ ಮಾಡಿದವರು ದಯವಿಟ್ಟು ತಿಳಿಸಿಕೊಡಿ.