ಕಳಿಸುವ ಮುನ್ನ ಆ ಮನೆಯವರ ಮುಖ ನೋಡಿ

ಕಳೆದ ವಾರ ಮೈಸೂರಿನ ಕುವೆಂಪುನಗರದ ತಾಯಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಒಂಬತ್ತನೇ ತರಗತಿಯ ಮಗಳು ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಶಾಲೆಯವರು ಮಕ್ಕಳನ್ನು ಎರಡು ವಾರ ಫ್ರಾನ್ಸಿಗೆ ಕರೆದೊಯ್ಯುತ್ತಾರೆ. ಹಗಲು ಭಾಷಾ ತರಗತಿ, ರಾತ್ರಿ ಅಲ್ಲಿನ ಕುಟುಂಬಗಳ ಮನೆಯಲ್ಲಿ ವಾಸ. ಮಗಳಿಗೆ ಆಸೆ, ಗಂಡನಿಗೆ ಒಪ್ಪಿಗೆ, ಅತ್ತೆಗೆ ಸುತರಾಂ ಇಷ್ಟವಿಲ್ಲ. ‘ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಹೆಣ್ಣುಮಗುವನ್ನು ಹೇಗೆ ಬಿಡೋದು? ನಾವು ಸಸ್ಯಾಹಾರಿಗಳು ಬೇರೆ’ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಸೋದರಿ, ನಿಮ್ಮ ಭಯ ನ್ಯಾಯವಾದದ್ದು. ಅದನ್ನು ಮನಸ್ಸಲ್ಲೇ ಇಟ್ಟುಕೊಂಡು ಕೊರಗಬೇಡಿ. ಒಂದೊಂದಾಗಿ ಬರೆದು ಶಾಲೆಯವರ ಮುಂದಿಡಿ. ನನ್ನ ಮಗಳೂ ಇಂಥದ್ದೇ ಪ್ರವಾಸಕ್ಕೆ ಹೋಗಿಬಂದಳು. ಪೋಷಕರ ಮೊದಲ ಸಭೆಯಲ್ಲಿ ಐಫೆಲ್ ಟವರ್, ಮ್ಯೂಸಿಯಂ ಎಲ್ಲಾ ತೋರಿಸಿದರು. ಮಕ್ಕಳು ಮಲಗುವ ಮನೆಯ ಬಗ್ಗೆ ಒಂದು ಮಾತೂ ಬರಲಿಲ್ಲ. ಕೇಳಿದರೆ, ‘ಎಲ್ಲಾ ನಾವು ನೋಡ್ಕೋತೀವಿ ಮೇಡಂ’ ಅಂದರು. ಆಗ ಕೆಲವು ತಾಯಂದಿರು ಸೇರಿ ಪಟ್ಟು ಹಿಡಿದು ಕೂತೆವು.

ನೀವೂ ಕೇಳಿ. ಮನೆಗಳನ್ನು ಆರಿಸುವವರು ಯಾರು, ಅಲ್ಲಿನ ಭಾಷಾ ಶಾಲೆಯೋ, ಮಧ್ಯದ ಏಜೆಂಟೋ? ಯಾರಾದರೂ ಆ ಮನೆಗೆ ಹೋಗಿ ನೋಡಿ ಬಂದಿದ್ದಾರಾ? ಮನೆಯಲ್ಲಿ ಯಾರ್ಯಾರು ಇರುತ್ತಾರೆ, ಅವರ ಮೇಲೆ ಪೊಲೀಸ್ ಕೇಸು ಏನಾದರೂ ಇದೆಯಾ ಅಂತ ತಪಾಸಣೆ ಆಗಿದೆಯಾ? ಮಗು ಒಬ್ಬಳೇ ಇರಬೇಕಾ, ಜೊತೆಗೆ ಗೆಳತಿ ಇರುತ್ತಾಳಾ? ಬಚ್ಚಲಿಗೆ ಚಿಲಕ ಇದೆಯಾ? ತರಗತಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಬೇಕಾ? ಎಲ್ಲಕ್ಕಿಂತ ಮುಖ್ಯ, ಮನೆ ಹೊಂದಲಿಲ್ಲ ಅಂದರೆ ಅವತ್ತೇ ಬದಲಾಯಿಸಿಕೊಡುವವರು ಯಾರು? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಕಳಿಸಬೇಡಿ.

ಹೊರಡುವ ಮುಂಚೆ ಆ ಕುಟುಂಬದ ಜೊತೆ ಒಂದು ವಿಡಿಯೊ ಕರೆ ಆಗಲೇಬೇಕು. ನಮಗೆ ಗೊತ್ತು ಮಾಡಿದ್ದ ಮನೆಯಾಕೆ ಅಡುಗೆಮನೆ, ಮಂಚ, ಹಿತ್ತಲು ಎಲ್ಲಾ ತೋರಿಸಿದರು. ಸೋಫಾ ಮೇಲೆ ದೊಡ್ಡ ನಾಯಿ ಮಲಗಿತ್ತು. ನನ್ನ ಮಗಳಿಗೆ ನಾಯಿ ಅಂದರೆ ನಡುಕ. ಶಾಲೆ ಕೊಟ್ಟ ಫಾರಂನಲ್ಲಿ ಆ ಪ್ರಶ್ನೆಯೇ ಇರಲಿಲ್ಲ! ಮೊದಲೇ ತಿಳಿದದ್ದರಿಂದ ಬೇರೆ ಮನೆ ಸಿಕ್ಕಿತು.

ಇಂಥ ಪ್ರವಾಸಗಳಲ್ಲಿ ಊಟ, ವಸತಿಗೆ ಆ ಕುಟುಂಬಗಳಿಗೆ ಸಾಮಾನ್ಯವಾಗಿ ಹಣ ಕೊಟ್ಟಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ರೋಟರಿ, ಎಎಫ್‌ಎಸ್ ಥರದ ಸೇವಾ ಸಂಸ್ಥೆಗಳು ನಡೆಸುವ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳಲ್ಲಿ ಕುಟುಂಬಗಳು ಹಣ ಪಡೆಯದೆ ಮಕ್ಕಳನ್ನು ಇಟ್ಟುಕೊಳ್ಳುತ್ತವೆ, ಅದು ಬೇರೆ. ನಿಮ್ಮದು ಯಾವ ಥರದ್ದು ಅಂತ ಮಗಳಿಗೂ ತಿಳಿದಿರಲಿ. ಎರಡರಲ್ಲಿ ಯಾವುದಾದರೂ ಸರಿ, ಇನ್ನೊಂದು ಹೊದಿಕೆ ಕೊಡಿ, ಹಸಿವಾಗ್ತಿದೆ ಅನ್ನೋಕೆ ಅವಳು ಸಂಕೋಚಪಡಬಾರದು.
– ಒಬ್ಬ ತಾಯಿ, ಸರಸ್ವತಿಪುರಂ, ಮೈಸೂರು

ಊಟದ ವಿಷಯ ಹೇಳುತ್ತೇನೆ. ಫಾರಂನಲ್ಲಿ ಸಸ್ಯಾಹಾರಿ ಅಂತಷ್ಟೇ ಬರೆದು ಬಿಡಬೇಡಿ. ಮೀನು ತಿನ್ನಬಹುದು ಅಂದುಕೊಳ್ಳುವವರು ಅಲ್ಲಿ ಇದ್ದಾರೆ. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಹಾಕುವುದುಂಟು. ಎಷ್ಟೋ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಜೆಲ್ಲಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಜೆಲಟಿನ್ ಇರುತ್ತದೆ. ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ ಅಂತ ಬಿಡಿಸಿ ಬರೆಯಿರಿ. ಮೊಟ್ಟೆ ಆಗುತ್ತಾ ಅನ್ನುವುದನ್ನೂ ಬರೆಯಿರಿ. ಬೆಳಗ್ಗೆ ಬ್ರೆಡ್ಡು, ಬೆಣ್ಣೆ, ಜಾಮ್. ರಾತ್ರಿ ಊಟ ಏಳೂವರೆ, ಎಂಟಕ್ಕೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು, ನಿಧಾನವಾಗಿ.

ಆ ಊಟದ ಮೇಜೇ ಅವಳಿಗೆ ನಿಜವಾದ ಪಾಠ. ಅದಕ್ಕೇ ಹೇಳೋದು, ಎರಡು ವಾರಕ್ಕೂ ಸಾಲುವಷ್ಟು ಚಪಾತಿ, ಚಕ್ಕುಲಿ ಕಟ್ಟಿಕೊಟ್ಟು ಕೋಣೆಯಲ್ಲೇ ಕೂತು ತಿನ್ನುವ ಹಾಗೆ ಮಾಡಬೇಡಿ. ಚಟ್ನಿಪುಡಿ, ಪುಳಿಯೋಗರೆ ಪುಡಿ ಸ್ವಲ್ಪ ಇರಲಿ. ತುಪ್ಪ, ಹಾಲಿನ ಪುಡಿ ಬೇಡ. ಹೊರಗಿನಿಂದ ಬರುವ ಹಾಲಿನ ಪದಾರ್ಥಗಳನ್ನು ಯುರೋಪಿನ ಗಡಿಯಲ್ಲಿ ಬಿಡುವುದಿಲ್ಲ.

ಎರಡು ವಾರದಲ್ಲಿ ಫ್ರೆಂಚ್ ಬಂದುಬಿಡುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಬಾಯಿ ಬಿಡುವ ಧೈರ್ಯ ಬರುತ್ತದೆ, ಕಿವಿ ಪಳಗುತ್ತದೆ. ಅಷ್ಟಾದರೂ ಆಗಬೇಕಾದರೆ ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಮಾತಾಡಿ ಅಭ್ಯಾಸ ಮಾಡಲಿ. ಫ್ರೆಂಚ್ ಭಾಷೆಯ ಡೆಲ್ಫ್ ಪರೀಕ್ಷೆಯಲ್ಲಿ ಎ2, ಅಂದರೆ ಆರಂಭದ ಎರಡನೇ ಹಂತ ತಲುಪಿದ್ದರೆ ಮೇಜಿನ ಮಾತುಕತೆ ಹಿಡಿಯುವುದು ಸುಲಭ.
– ನಿವೃತ್ತ ಫ್ರೆಂಚ್ ಶಿಕ್ಷಕಿ, ಜಯಲಕ್ಷ್ಮೀಪುರಂ, ಮೈಸೂರು

ನಾನು ನಿಮ್ಮ ಅತ್ತೆಯವರ ವಯಸ್ಸಿನವಳಮ್ಮ. ಯೋಗ ಕಲಿಯಲು ಬರುವ ಹೊರದೇಶದವರಿಗೆ ನಮ್ಮ ಬಡಾವಣೆಯಲ್ಲಿ ಎಷ್ಟೋ ಮನೆಯವರು ಮಹಡಿ ಬಾಡಿಗೆಗೆ ಕೊಡುತ್ತಾರೆ. ನಮ್ಮಲ್ಲೂ ಒಬ್ಬ ಹುಡುಗಿ ಇದ್ದಳು. ಫೋನಿನಲ್ಲಿ ನನ್ನ ಮುಖ ನೋಡುವವರೆಗೂ ಅವಳಮ್ಮನಿಗೆ ನಿದ್ದೆ ಇರಲಿಲ್ಲವಂತೆ. ಕಡ್ಲೆಕಾಯಿ ತಿಂದರೆ ಮಗಳ ಮೈ ಊದುತ್ತೆ ಅಂತ ಆಕೆ ಹೇಳಿದ್ದು ಆಗಲೇ. ನಮ್ಮ ಚಿತ್ರಾನ್ನ, ಒಗ್ಗರಣೆ ಅವಲಕ್ಕಿ ಎಲ್ಲದಕ್ಕೂ ಕಡ್ಲೆಕಾಯಿಬೀಜ ಬೀಳುತ್ತೆ! ಮನೆಯಲ್ಲಿ ಇಟ್ಟುಕೊಳ್ಳುವವರಿಗೂ ಭಯ ಇರುತ್ತೆ ತಾಯಿ. ಮಗುವಿನ ಔಷಧಿ, ಅಲರ್ಜಿ, ಮುಟ್ಟಿನ ದಿನಗಳ ಹೊಟ್ಟೆನೋವು, ಏನನ್ನೂ ಮುಚ್ಚಿಡದೆ ತಿಳಿಸಿ. ವಿಡಿಯೊ ಕರೆಗೆ ಅತ್ತೆಯವರನ್ನೇ ಮುಂದೆ ಕೂರಿಸಿ. ಭಾಷೆ ಬರದಿದ್ದರೂ ಅವರ ಕಣ್ಣಿಗೆ ಎಷ್ಟೋ ತಿಳಿಯುತ್ತೆ.
– ಒಬ್ಬ ಅಜ್ಜಿ, ಗೋಕುಲಂ, ಮೈಸೂರು

ಈ ವರ್ಷ ಬೇಡ ಅನ್ನುವವನು ನಾನು. ಸಾಲ ಮಾಡಿ ಕಳಿಸುವಂತಿದ್ದರೆ ಖಂಡಿತ ಬೇಡ. ಪಕ್ಕದ ಮನೆ ಹುಡುಗಿ ಹೋಗ್ತಾಳೆ ಅನ್ನೋ ಕಾರಣಕ್ಕೂ ಬೇಡ. ಫ್ರೆಂಚ್ ಕಲಿಸುವ ಸಂಸ್ಥೆ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ರಜೆಯಲ್ಲಿ ಕಲಿಯಲಿ, ಕಾಲೇಜಿಗೆ ಬಂದ ಮೇಲೆ ಹೋಗಲಿ. ಹಣದ ತೊಂದರೆ ಇಲ್ಲ, ಮಗಳೇ ಮನಸಾರೆ ಕೇಳುತ್ತಿದ್ದಾಳೆ ಅಂದರೆ ನನ್ನ ಮಾತು ಬಿಟ್ಟುಬಿಡಿ.
– ಒಬ್ಬ ತಂದೆ, ಸುಭಾಷ್‌ನಗರ, ಮಂಡ್ಯ

ಮೇಡಂ, ಕಳಿಸೋದು ನಿಶ್ಚಯವಾದರೆ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. 15 ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ. ಅಲ್ಲಿಂದ ವಾಪಸು ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು. ಹೊಸದು ಬೇಕಾದರೆ ಮೈಸೂರಿನಲ್ಲೇ ಅಂಚೆ ಇಲಾಖೆಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಇದೊಂದೇ ವೀಸಾ) ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯುತ್ತದೆ. 12 ದಾಟಿದ ಮಕ್ಕಳು ಬೆರಳಚ್ಚು ಕೊಡಬೇಕು, ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಪ್ರವಾಸದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ತಂದೆ, ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಬೇಕು.
– ಟ್ರಾವೆಲ್ಸ್ ಉದ್ಯೋಗಿ, ವಿ.ವಿ. ಮೊಹಲ್ಲಾ, ಮೈಸೂರು

ಆಂಟಿ, ನಾನು ಹೈಸ್ಕೂಲಿನಲ್ಲಿದ್ದಾಗ ಹೀಗೇ ಹೋಗಿದ್ದೆ. ಮೊದಲ ರಾತ್ರಿ ತುಂಬಾ ಅತ್ತೆ. ಅಮ್ಮ ಮತ್ತೆ ಮತ್ತೆ ಫೋನ್ ಮಾಡಿದಷ್ಟೂ ಅಳು ಜಾಸ್ತಿ ಆಯ್ತು. ಆಮೇಲೆ ದಿನಕ್ಕೆ ಒಂದೇ ಕರೆ ಅಂತ ಮಾಡಿಕೊಂಡೆವು. ಬೇಸಿಗೆಯಲ್ಲಿ ಅವರಿಗಿಂತ ನಾವು ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6 ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಊಟಕ್ಕೆ ಮುಂಚೆ ಮಾತಾಡಿ ಮುಗಿಸಿದರೆ ಇಬ್ಬರಿಗೂ ನೆಮ್ಮದಿ. ಅಲ್ಲಿ ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡಿಸುತ್ತಾರೆ. ಇಷ್ಟ ಇಲ್ಲದಿದ್ದರೆ ನಗುತ್ತಾ ಕೈ ಚಾಚಿದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅವಳಿಗೆ ಒಂದು ಮಾತು ಖಂಡಿತ ಹೇಳಿ ಕಳಿಸಿ. ಏನಾದರೂ ಸರಿ ಅನ್ನಿಸದಿದ್ದರೆ, ಎಷ್ಟು ಹೊತ್ತಾಗಿದ್ದರೂ, ಟೀಚರ್‌ಗೆ ಫೋನ್ ಮಾಡಬೇಕು. ಇಷ್ಟು ದುಡ್ಡು ಕಟ್ಟಿದ್ದಾರೆ ಅಂತ ಸುಮ್ನೆ ಸಹಿಸಿಕೊಂಡು ಇರಬಾರದು. ತುರ್ತಿಗೆ 112, ಫ್ರಾನ್ಸಿನಲ್ಲಿ ಮಕ್ಕಳ ಸಹಾಯವಾಣಿ 119. ಟೀಚರ್ ನಂಬರ್, ಆ ಮನೆಯ ವಿಳಾಸದ ಜೊತೆ ಇವನ್ನೂ ಒಂದು ಚೀಟಿಯಲ್ಲಿ ಬರೆದು ಜಾಕೆಟ್ ಜೇಬಿನಲ್ಲಿ ಇಟ್ಟುಕೊಳ್ಳಲಿ, ಫೋನ್ ಆಫ್ ಆದರೆ ಬೇಕಾಗುತ್ತೆ.
– ಪದವಿ ವಿದ್ಯಾರ್ಥಿನಿ, ಮಂಡ್ಯ